ಸಂಪನ್ಮೂಲ ವ್ಯಕ್ತಿಯ ಹೆಬ್ಬೆರಳು

ಮೊದಲೇ ಹೇಳಿಬಿಡುತ್ತೇನೆ. ನನ್ನ ಎಡಗೈ ಹೆಬ್ಬೆರಳನ್ನು ಕೊಯ್ದದ್ದು ಉಳಿಯಲ್ಲ, ಈಳಿಗೆಮಣೆ. ನಾನು ಆಗ ಹೆಚ್ಚುತ್ತಿದ್ದದ್ದು ಸೌತೆಕಾಯಿ. ಇಷ್ಟನ್ನು ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ, ಸೊರಬದ ನನ್ನ ಮಾವನ ಮನೆಯ ಪಡಸಾಲೆಯಲ್ಲಿ ನಿಂತು ಹೇಳಿದ್ದರೆ ಎರಡು ತಾಲ್ಲೂಕಿನ ಮೂವತ್ತೆರಡು ಶಿಕ್ಷಕರು ತಮ್ಮ ಪಾಡಿಗೆ ತಾವು ಇರಬಹುದಿತ್ತು. ಹೇಳಲಿಲ್ಲ. ಒಬ್ಬ ಮನುಷ್ಯ ಸೌತೆಕಾಯಿಗೆ ನಾಚಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟುತ್ತಾನೆ ಎಂಬುದನ್ನು ನಾನು ಕಂಡಷ್ಟು ಹತ್ತಿರದಿಂದ ಬೇರೆ ಯಾರೂ ಕಂಡಿರಲಾರರು.

ನನ್ನ ಹೆಸರು ಸಿದ್ಧಲಿಂಗೇಶ್. ಶಿಕಾರಿಪುರದಲ್ಲಿ ಬಾಡಿಗೆ ಮನೆ, ಅಲ್ಲಿಂದ ಹನ್ನೆರಡು ಕಿಲೋಮೀಟರ್ ದೂರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬಳ್ಳಿಗಾವಿಯ ಶಾಸನಗಳ ಬಗ್ಗೆ ಕೇಳಿದರೆ ಎರಡು ಪೀರಿಯಡ್ ನಿಲ್ಲಿಸದೆ ಮಾತಾಡಬಲ್ಲೆ. ಗೋಡೆಗೆ ಮೊಳೆ ಹೊಡೆಯಬೇಕಾದರೆ ಮಾತ್ರ ಎದುರುಮನೆಯ ವನಜಮ್ಮನವರನ್ನು ಕರೆಯುತ್ತೇನೆ. ಅರವತ್ತು ದಾಟಿದ ಆಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಎರಡೇ ಏಟಿಗೆ ಮೊಳೆ ಇಳಿಸಿ, ಕಾಫಿ ಕುಡಿದು ಹೋಗುತ್ತಾರೆ.

ಆದರೆ ಒಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ. ತರಕಾರಿ ಹೆಚ್ಚುವುದು. ಮದುವೆಯಾದ ಏಳು ವರ್ಷದಿಂದ ನಮ್ಮ ಮನೆಯ ಪಲ್ಯದ ಬೀನ್ಸ್ ಅಷ್ಟೂ ನನ್ನ ಕೈಯಲ್ಲೇ ಹೆಚ್ಚಿಸಿಕೊಂಡಿದೆ. ನನ್ನ ಹೆಂಡತಿ ರಕ್ಷಿತಾಳಿಗೆ ಇದರಲ್ಲಿ ಹೆಚ್ಚುಗಾರಿಕೆಯೂ ಕಾಣಿಸುವುದಿಲ್ಲ, ಅವಮಾನವೂ ಕಾಣಿಸುವುದಿಲ್ಲ. ನಾನು ಮಾತ್ರ ಬಾಗಿಲ ಚಿಲಕ ಹಾಕಿಕೊಂಡೇ ಈಳಿಗೆಮಣೆ ಎಳೆದುಕೊಳ್ಳುತ್ತಿದ್ದೆ. ಕಾರಣ ನನ್ನ ಮಾವ.

ಮಾವ ಗುರುಮಲ್ಲಪ್ಪನವರು ಸೊರಬದಲ್ಲಿ ಗೊಬ್ಬರ, ಬೀಜದ ವ್ಯಾಪಾರಸ್ಥರು. ಊಟದ ತಟ್ಟೆ ಇಡುವುದಕ್ಕೆ ಕೂಡ ತಾವು ಅಡುಗೆಮನೆ ಹೊಸ್ತಿಲು ದಾಟಿದವರಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುವ ಗಂಡಸು. ಅವರ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆಯ ಗಾಯದ ಗುರುತಿದೆ. ಮೂವತ್ತು ವರ್ಷದ ಹಿಂದೆ ಮೆಕ್ಕೆಜೋಳದ ಹೊಲದಲ್ಲಿ ಕಾಡುಹಂದಿಯ ಕೋರೆ ತಾಗಿದ್ದು. ಪ್ರತಿ ಶುಭಕಾರ್ಯದಲ್ಲೂ ಊಟಕ್ಕೆ ಮುಂಚೆ ಆ ಹಂದಿ ಒಮ್ಮೆ ಬಂದೇ ಬರುತ್ತದೆ. ವರ್ಷದಿಂದ ವರ್ಷಕ್ಕೆ ಸ್ವಲ್ಪ ದಪ್ಪವಾಗುತ್ತಲೂ ಇದೆ.

ಆ ಭಾನುವಾರ ರಕ್ಷಿತಾಳ ಅಣ್ಣನ ಮಗುವಿನ ನಾಮಕರಣ. ಹೊರಡುವ ಗಡಿಬಿಡಿಯಲ್ಲಿ ಸೌತೆಕಾಯಿ ರೊಟ್ಟಿ ತಿಂದು ಹೋಗೋಣವೆಂದು ನಾನು ಹೆಚ್ಚಲು ಕೂತೆ. ಹೊರಗೆ ವನಜಮ್ಮ "ರಕ್ಷಿತಾ" ಎಂದು ಕೂಗಿದರು. ಗಾಬರಿಯಾಗಿ ಬಾಗಿಲಿನ ಕಡೆ ನೋಡಿದೆ. ಬೆರಳು ನೋಡಲಿಲ್ಲ.

ಸೊರಬ ತಲುಪಿದಾಗ ಬೆರಳು ಮೂರು ಸುತ್ತು ಬಟ್ಟೆಯಲ್ಲಿತ್ತು. ಪಡಸಾಲೆಯಲ್ಲಿ ನಲವತ್ತು ಜನ. ಹಂದಿಯ ಕಥೆ ಆಗಷ್ಟೇ ಮುಗಿದಿತ್ತು. ಎಲ್ಲರೂ ಗಾಯದ ಗುಂಗಿನಲ್ಲೇ ಇದ್ದರು.

"ಏನ್ರೀ ಅಳಿಯಂದ್ರೆ, ಬೆರಳಿಗೆ ಏನು ಮಾಡ್ಕಂಡ್ರಿ?" ಎಂದರು ಮಾವ.

ರಕ್ಷಿತಾ ಬಾಯಿ ತೆರೆದಳು. ಅವಳ ಬಾಯಿಂದ ಸತ್ಯ ಬಿಟ್ಟರೆ ಬೇರೇನೂ ಬರುವುದಿಲ್ಲ ಎಂಬ ಭಯಕ್ಕೆ ನಾನೇ ಮುಂದೆ ಬಿದ್ದೆ.

"ಉಳಿ ಜಾರಿತು ಮಾವ."

"ಉಳಿ?"

"ಒಂದು ಸ್ಟೂಲು ಮಾಡ್ತಾ ಇದ್ದೆ."

ಸುಳ್ಳು ಹೇಳಿ ಅಭ್ಯಾಸವಿದ್ದವನು ಕಿಟಕಿಗೆ ಸಿಕ್ಕಿತು ಎಂದು ಹೇಳಿ ಮುಗಿಸುತ್ತಿದ್ದ. ನನಗೆ ಅಭ್ಯಾಸ ಸಾಲದು. ಹಾಗಾಗಿ ಅಳತೆ ತಪ್ಪಿ ದೊಡ್ಡದೇ ಬಿದ್ದುಬಿಟ್ಟಿತು. ಏಳು ವರ್ಷದಲ್ಲಿ ಮೊದಲ ಸಲ ಮಾವ ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. ಆಮೇಲೆ ತಮ್ಮ ಪಕ್ಕದ ಕುರ್ಚಿಯಲ್ಲಿದ್ದವರನ್ನು ಏಳಿಸಿ ನನ್ನನ್ನು ಕೂರಿಸಿಕೊಂಡರು. ಆ ಕುರ್ಚಿ ಅಷ್ಟು ಹಿತವಾಗಿಲ್ಲದಿದ್ದರೆ ನಾನು ಆಗಲೇ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ.

ರಕ್ಷಿತಾ ನನ್ನನ್ನೇ ನೋಡುತ್ತಿದ್ದಳು. ಎದ್ದು ಒಳಗೆ ಹೋದಳು.

ನನ್ನ ಗ್ರಹಚಾರಕ್ಕೆ ಎದುರಿಗೆ ನಾಗರಾಜ್ ಕೂತಿದ್ದರು. ಶಿಕ್ಷಣ ಇಲಾಖೆಯಲ್ಲಿ ತರಬೇತಿಗಳ ಉಸ್ತುವಾರಿ ಅವರದ್ದು. ಮಾವನ ಅಂಗಡಿಯ ಗಿರಾಕಿ. ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಮೇಷ್ಟ್ರೆ, ನಿಮಗೆ ಮರಗೆಲಸ ಬರುತ್ತಾ?" ಎಂದು ಕೇಳಿದರು.

"ಬರುತ್ತಾ ಅಂದ್ರೆ?" ಎಂದರು ಮಾವ. "ಬೆರಳು ನೋಡ್ರಿ."

ನಾಗರಾಜರ ಮುಖದಲ್ಲಿ ದೊಡ್ಡ ಭಾರ ಇಳಿದ ಸಮಾಧಾನ ಕಂಡಿತು. ಪ್ರೌಢಶಾಲೆಗಳಲ್ಲಿ ಮರಗೆಲಸ ಮತ್ತು ವಿನ್ಯಾಸದ ತರಗತಿ ಶುರುವಾಗಲಿದೆ, ಮಕ್ಕಳ ಕೈಗೆ ಉಳಿ, ಗರಗಸ ಕೊಡುವ ಮೊದಲು ಅದನ್ನು ಸುರಕ್ಷಿತವಾಗಿ ನಡೆಸುವುದು ಹೇಗೆ ಎಂದು ಶಿಕ್ಷಕರಿಗೆ ಕಲಿಸಬೇಕು, ಕಲಿಸಲು ಒಬ್ಬ ಸಂಪನ್ಮೂಲ ವ್ಯಕ್ತಿ ಬೇಕು, ಹೆಸರು ಕಳಿಸಲು ಇವತ್ತು ಸಂಜೆಯೇ ಕೊನೆ. ಇಷ್ಟನ್ನೂ ಅವರು ಒಂದೇ ಉಸಿರಿಗೆ ಹೇಳಿ, ಎಡಗೈಯಿಂದಲೇ ಮೊಬೈಲಿನಲ್ಲಿ ನನ್ನ ಹೆಸರು ಒತ್ತಿದರು. ನಾನು "ಅಲ್ಲ ಸರ್, ಹವ್ಯಾಸ ಅಷ್ಟೇ" ಎಂದೆ.

"ಎಷ್ಟು ವಿನಯ ನೋಡಿ," ಎಂದರು ನಾಗರಾಜ್. ಕಳಿಸಿಯಾಗಿತ್ತು.

ಬುಧವಾರ ಆದೇಶ ಬಂತು. ಮೊದಲು ಶಾಲೆಯ ವಾಟ್ಸಾಪ್ ಗುಂಪಿಗೆ, ಆಮೇಲೆ ಇಡೀ ತಾಲ್ಲೂಕಿಗೆ. "ಮರಗೆಲಸದಲ್ಲಿ ಪರಿಣತರಾದ ಶ್ರೀ ಸಿದ್ಧಲಿಂಗೇಶ್" ಎಂದಿತ್ತು. ಕೆಳಗೆ ಮೊಹರು. ಮುಖ್ಯೋಪಾಧ್ಯಾಯ ತೀರ್ಥೇಶ್ ಅವರು ನನ್ನ ಎರಡೂ ಕೈ ಹಿಡಿದು ಕುಲುಕಿ, ಬೆರಳಿನ ನೋವಿಗೆ ನಾನು ಕಿರುಚಿದ್ದನ್ನು ಸಂತೋಷವೆಂದು ತಿಳಿದು, ಸೀದಾ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಾಲು ಮುರಿದ ಹನ್ನೊಂದು ಬೆಂಚುಗಳಿದ್ದವು.

"ಮನೇಲೇ ಮಾಣಿಕ್ಯ ಇಟ್ಕಂಡು ಊರೆಲ್ಲ ಬಡಗಿ ಹುಡುಕಿದ್ವಲ್ರೀ," ಎಂದರು. "ಅರ್ಜೆಂಟ್ ಏನಿಲ್ಲ. ಶನಿವಾರದ ಒಳಗೆ ಮುಗಿಸ್ರಿ."

ಮನೆಗೆ ಬಂದರೆ ಬಾಗಿಲಲ್ಲಿ ವನಜಮ್ಮ, ಪಕ್ಕದಲ್ಲಿ ಅವರ ಮುರಿದ ಮಂಚದ ಕಾಲು. ನನಗೆ ಎದೆಯಲ್ಲಿ ಸಣ್ಣ ಆಸೆ ಮೂಡಿತು. ಲೋಕದಲ್ಲಿ ನನ್ನ ಯೋಗ್ಯತೆ ಸರಿಯಾಗಿ ಬಲ್ಲವರು ಯಾರಾದರೂ ಇದ್ದರೆ ಅದು ಈಯಮ್ಮ. ಇವರಾದರೂ ನಕ್ಕುಬಿಟ್ಟರೆ ಈ ಸುಳ್ಳು ಇಲ್ಲಿಗೇ ಸಾಯುತ್ತದೆ.

"ವನಜಮ್ಮ, ಹೋದ ವಾರ ನಮ್ಮನೆ ಕ್ಯಾಲೆಂಡರಿಗೆ ಮೊಳೆ ಹೊಡೆದವರು ನೀವೇ ಅಲ್ವಾ?"

"ಹೌದ್ರೀ. ಅದ್ಕ ನಾಚಿಕಿ ಆಗೇತಿ ನನಗ," ಎಂದರು ಅವರು. "ಇಂಥಾ ಕೆಲ್ಸಗಾರ ನೀವು. ನಾನು ಹೊಡಿಯೋದು ನೋಡ್ತಾ ಸುಮ್ನ ನಿಂತಿದ್ರಲ್ಲ, ದೊಡ್ಡ ಗುಣ."

"ನನಗೆ ಮೊಳೆ ಹೊಡೆಯೋಕೆ ಬರಲ್ಲ ವನಜಮ್ಮ."

"ಮೊಹರು ಒತ್ಯಾರಲ್ರೀ," ಎಂದರು ಅವರು, ಮಂಚದ ಕಾಲನ್ನು ನನ್ನ ಕೈಗೆ ಕೊಡುತ್ತಾ. "ಸರ್ಕಾರ ಗೊತ್ತಿಲ್ದ ಒತ್ತತೈತೇನು?"

ಆ ಸಂಜೆ ಮಂಚದ ಕಾಲನ್ನು ಚೀಲದಲ್ಲಿ ಹಾಕಿಕೊಂಡು ಮಾರುಕಟ್ಟೆ ಯಾರ್ಡಿನ ಹಿಂದಿರುವ ಬಡಗಿ ಕಲ್ಲಪ್ಪನವರ ಅಂಗಡಿಗೆ ಹೋದೆ. ಕಲ್ಲಪ್ಪನವರು ಒಂದು ಬಾಗಿಲ ಚೌಕಟ್ಟಿಗೆ ತೋಡು ಕೊರೆಯುತ್ತಿದ್ದರು. ನಾನು ಚೀಲ ಬಿಚ್ಚುವ ಮೊದಲೇ ನನ್ನ ಬೆರಳನ್ನು ಹಿಡಿದು, ಸಡಿಲವಾಗಿದ್ದ ಬಟ್ಟೆ ಸರಿಸಿ ನೋಡಿದರು.

"ಏನಾತ್ರಿ ಮೇಷ್ಟ್ರೆ?"

"ಉಳಿ."

"ಉಳಿ ಗಾಯ ಹಿಂಗಿರಂಗಿಲ್ರಿ. ಉಳಿ ಒಳಗ ಇಳೀತೈತಿ. ಇದು ಅಡ್ಡ ಸೀಳೇತಿ. ಈಳಿಗಿದಲ್ಲೇನು?"

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ನಾನು ಸುತ್ತ ನೋಡಿದೆ. "ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮನ್ಯಾಗ ಪಲ್ಯ ಹೆಚ್ಚೋನು ನಾನ," ಎಂದರು ಕಲ್ಲಪ್ಪನವರು. ಇವತ್ತು ಬುಧವಾರ ಎನ್ನುವಷ್ಟು ಸಲೀಸಾಗಿ ಹೇಳಿ ಮತ್ತೆ ಕೊರೆಯಲು ತೊಡಗಿದರು. ಆಗ ನನಗೆ ಆದ ನಾಚಿಕೆ ಎಂಥದ್ದೆಂದರೆ, ಅದು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ಇದನ್ನ ಯಾರಿಗೂ ಹೇಳಬೇಡಿ," ಎಂದೆ.

"ನಾನ್ಯಾಕ ಹೇಳ್ಲಿ. ಬೆರಳು ನಿಮ್ದು."

ಬೆಂಚುಗಳನ್ನೂ ಮಂಚವನ್ನೂ ಅವರೇ ರಿಪೇರಿ ಮಾಡಿಕೊಟ್ಟರು. ಹೊಗಳಿಕೆ ನಾನು ತೆಗೆದುಕೊಂಡೆ. ತರಬೇತಿಗೆ ಅವರನ್ನೇ ಕರೆಸಿ ಎಂದು ನಾಗರಾಜರಿಗೆ ಫೋನು ಮಾಡಿದಾಗ, "ಅವರ ವಿದ್ಯಾರ್ಹತೆ?" ಎಂದು ಕೇಳಿದರು. ನಾಲ್ಕನೇ ಕ್ಲಾಸು. "ಸಂಪನ್ಮೂಲ ವ್ಯಕ್ತಿಗೆ ಪದವಿ ಬೇಕು ಮೇಷ್ಟ್ರೆ. ಮರದ ವಿಷಯ ಆದರೇನಂತೆ." ನನ್ನ ಪದವಿ ಇತಿಹಾಸದ್ದು. ಅದು ನಡೆಯುತ್ತಿತ್ತು.

ಹಾಗಾಗಿ ಆರು ಸಂಜೆ ಕಲ್ಲಪ್ಪನವರ ಎದುರು ಸ್ಟೂಲು ಹಾಕಿಕೊಂಡು ಕೂತೆ. ನಾನು ಮಾಡಿದ್ದೆನೆಂದು ಹೇಳಿದ್ದಂಥದೇ ಸ್ಟೂಲು. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ನಲವತ್ತು ವರ್ಷ ಈ ಕೆಲಸ ಮಾಡಿಯೂ ಅವರ ಹತ್ತೂ ಬೆರಳು ನೆಟ್ಟಗಿದ್ದವು.

"ಮೇಷ್ಟ್ರೆ, ಬರಿಯೋದು ಸಾಕು. ಉಳಿ ಹಿಡೀರಿ," ಎಂದು ಅವರು ಪ್ರತಿ ದಿನ ಹೇಳಿದರು.

"ಮೊದಲು ಥಿಯರಿ ಮುಗೀಲಿ," ಎಂದು ನಾನು ಪ್ರತಿ ದಿನ ಹೇಳಿದೆ. ಉಳಿ ಹಿಡಿದರೆ ಗೊತ್ತಿಲ್ಲದ್ದು ಗೊತ್ತಾಗಿಬಿಡುತ್ತದಲ್ಲ. ಹೀಗೆ ನಲವತ್ತೆರಡು ಅಂಶಗಳ ಟಿಪ್ಪಣಿ ತಯಾರಾಯಿತು. ಅದರಲ್ಲಿ ಹದಿನಾಲ್ಕನೆಯದು ಇದು: ಮರವನ್ನು ಮೇಜಿಗೆ ಬಿಗಿಯಬೇಕು, ಎರಡೂ ಕೈ ಯಾವಾಗಲೂ ಉಳಿಯ ಬಾಯಿಗಿಂತ ಹಿಂದೆ ಇರಬೇಕು. ಇದನ್ನು ನಾನು ಹಸಿರು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದೆ. ಆ ಹೊತ್ತಿಗೆ ಬೆರಳಿನ ಗಾಯವೂ ಒಣಗಿತ್ತು. ಬಟ್ಟೆಯನ್ನು ಮಾತ್ರ ಬಿಚ್ಚಿರಲಿಲ್ಲ. ನನ್ನ ಪರಿಣತಿಗೆ ಇದ್ದ ಸಾಕ್ಷಿ ಅದೊಂದೇ.

ತರಬೇತಿ ಮೂರು ದಿನ, ಸೊರಬದ ಒಂದು ಶಾಲೆಯ ಸಭಾಂಗಣದಲ್ಲಿ. ಮರದ ಕೆತ್ತನೆಗೆ ಹೆಸರಾದ ಊರು ಅದು. ಅಲ್ಲಿ ಉಳಿ ಹಿಡಿಯಲು ಕಲಿಸಲು ಶಿಕಾರಿಪುರದಿಂದ ನಾನು ಬಸ್ಸು ಹತ್ತಿ ಹೋದೆ. ಬಾಗಿಲಲ್ಲೇ ಬ್ಯಾನರು, ಬ್ಯಾನರಿನಲ್ಲಿ ನನ್ನ ಫೋಟೋ. ಮೊದಲ ಸಾಲಿನಲ್ಲಿ ಮಾವ, ಪಕ್ಕದಲ್ಲಿ ಅತ್ತೆ ರಾಜೇಶ್ವರಮ್ಮ. ಮಾವ ತಮ್ಮ ಅಂಗಡಿ ಮುಚ್ಚಿ ಬಂದಿದ್ದರು. ಸ್ವಂತ ಮಗನ ನಾಮಕರಣಕ್ಕೂ ಅವರು ಅಂಗಡಿ ಮುಚ್ಚಿರಲಿಲ್ಲವೆಂದು ಅತ್ತೆ ಪಕ್ಕದವರಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು.

ನಾನು ಟಿಪ್ಪಣಿ ಬಿಡಿಸಿ ಎರಡು ಗಂಟೆ ಮಾತಾಡಿದೆ. ಮಾತು ನನ್ನ ಕಸುಬು. ಕನ್ನಡಕ, ಏಪ್ರನ್, ಗಾಳಿ ಬೆಳಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಜೋಲಾಡುವ ಬಳೆ, ವೇಲು, ಕೂದಲು, ಎಲ್ಲ ಹೇಳಿದೆ. ಆಮೇಲೆ ಇಲಾಖೆಯ ಕೈಪಿಡಿಯಲ್ಲಿ ಹೇಳಿದ್ದ ಅಪಘಾತ ವಹಿಯನ್ನು ಎತ್ತಿ ತೋರಿಸಿದೆ. ದಿನಾಂಕ, ಗಾಯ, ಉಪಕರಣ, ಕಾರಣ, ಪರಿಶೀಲಿಸಿದವರ ಸಹಿ ಎಂದು ಐದು ಕಾಲಂ. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ, "ಮೂರು ದಿನ ಆದ ಮೇಲೂ ಈ ವಹಿ ಖಾಲಿ ಇರಬೇಕು. ವಹಿ ಖಾಲಿ ಇದ್ದರೆ ಶಿಕ್ಷಕ ಜಾಣ," ಎಂದು ಹೇಳಿದೆ. ಚಪ್ಪಾಳೆ ಬಿತ್ತು. ವಹಿ ಇರುವುದು ಬರೆಯುವುದಕ್ಕೆ ಎಂದು ಕೈಪಿಡಿಯಲ್ಲಿತ್ತು. ಅದು ಚಪ್ಪಾಳೆ ಬೀಳುವಂಥ ಮಾತಾಗಿರಲಿಲ್ಲ.

ಸೊರಬದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಬಿಂದುಶ್ರೀ ಎಂಬ ಗಣಿತದ ಮೇಡಂ ಎದ್ದು ನಿಂತರು. ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತಂತೆ. ಎಲ್ಲರಿಗಿಂತ ಹೆಚ್ಚು ಬರೆದುಕೊಳ್ಳುತ್ತಿದ್ದವರು ಅವರೇ.

"ಸರ್, ನಿಮ್ಮ ಬೆರಳಿಗೆ ಹೇಗಾಯ್ತು? ಅದನ್ನೂ ಹೇಳಿದ್ರೆ ನಾವು ಕಲೀಬಹುದು."

ಮಾವ ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳಿಸಿಕೊಳ್ಳುವಂತೆ ಕೈಸನ್ನೆ ಮಾಡಿದರು. ನಾನು ಬೆರಳನ್ನು ಮೇಲೆತ್ತಿದೆ. "ಇದು ಕಲಿಯೋ ಕಾಲದಲ್ಲಿ ಮರ ಕೊಟ್ಟ ಬಹುಮಾನ," ಎಂದೆ. ಯಾರೋ ಅದನ್ನು ಬರೆದುಕೊಂಡರು. ಆ ಮೇಡಂ ಕೂಡ.

ಮಧ್ಯಾಹ್ನ ಪ್ರಾತ್ಯಕ್ಷಿಕೆ. ಮೇಜಿನ ಮೇಲೆ ಒಂದು ಹಲಸಿನ ತುಂಡು, ಒಂದು ಉಳಿ, ಸುತ್ತ ಮೂವತ್ತೆರಡು ಜನ ಮತ್ತು ಮಾವ. ನನಗೆ ಹದಿನಾಲ್ಕನೇ ಅಂಶ ಬಾಯಿಪಾಠ ಬರುತ್ತಿತ್ತು. ಆದರೆ ಕೈಗೆ ಬಾಯಿಪಾಠ ಬರುವುದಿಲ್ಲವಲ್ಲ. ನನ್ನ ಕೈಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಈಳಿಗೆಮಣೆಯಲ್ಲಿ ಅಲಗು ಕದಲುವುದಿಲ್ಲ, ತರಕಾರಿ ಹಿಡಿದ ಕೈ ಅಲಗಿನ ಕಡೆ ಬರುತ್ತದೆ. ಏಳು ವರ್ಷ ಬೀನ್ಸ್ ಹಿಡಿದ ಎಡಗೈ ತನ್ನಷ್ಟಕ್ಕೇ ಹೋಗಿ ಮರದ ತುಂಡನ್ನು ಉಳಿಯ ಬಾಯಿಗೆ ಎದುರಾಗಿ ಹಿಡಿದುಕೊಂಡಿತು. ಬಲಗೈಯಿಂದ ಉಳಿಯನ್ನು ಅದೇ ಎಡಗೈ ಕಡೆ ಮೆಲ್ಲಗೆ ಒತ್ತಿದೆ. ದೇವರು ದೊಡ್ಡವನು, ಒಂದು ಸಣ್ಣ ಚಕ್ಕೆ ಎದ್ದು ಬಂತು. ಚಪ್ಪಾಳೆ ಬಿತ್ತು. ನಾಗರಾಜ್ ಫೋಟೋ ತೆಗೆದು ಗುಂಪಿಗೆ ಹಾಕಿದರು.

ಎರಡನೇ ದಿನ ಶಿಕ್ಷಕರ ಸರದಿ. ಎಲ್ಲರೂ ಫೋಟೋ ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದರು. ಹನ್ನೊಂದು ಗಂಟೆಯ ಚಹಾ ಹೊತ್ತಿಗೆ ಬಿಂದುಶ್ರೀ ಮೇಡಂ ಕಾಣಲಿಲ್ಲ. ಬಂದಾಗ ಎಡಗೈಯನ್ನು ಕರವಸ್ತ್ರದಲ್ಲಿ ಸುತ್ತಿ ಸೆರಗಿನ ಕೆಳಗೆ ಇಟ್ಟುಕೊಂಡಿದ್ದರು.

"ಏನಾಯ್ತು ಮೇಡಂ?"

"ಏನಿಲ್ಲ ಸರ್. ಬಾತ್‌ರೂಮಿನ ಬಾಗಿಲಿಗೆ ಸಿಕ್ಕಿತು."

ಆ ಸಭಾಂಗಣದಲ್ಲಿ ಆ ಮಾತನ್ನು ಎಲ್ಲರೂ ನಂಬಿದರು. ನಂಬಲಾಗದವನು ನಾನೊಬ್ಬ. ಆ ಧ್ವನಿ ನನಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಎತ್ತದೆ, ಬೇಗ ಬೇಗ, ಬೇರೆ ಯಾರಾದರೂ ಬಾಯಿ ತೆರೆಯುವ ಮೊದಲೇ ಹೇಳಿ ಮುಗಿಸುವ ಧ್ವನಿ. ಕರವಸ್ತ್ರದ ಅಂಚಿನಿಂದ ಒಂದು ಹನಿ ಕೆಳಗೆ ಬಿತ್ತು.

ಹೊರಗೆ ಕರೆದುಕೊಂಡು ಹೋಗಿ ಬಿಚ್ಚಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಆಳವಾಗಿ ಒಳಗೆ ಇಳಿದಿತ್ತು. ಕಲ್ಲಪ್ಪನವರು ಹೇಳಿದ್ದ ಹಾಗೆಯೇ, ಅದು ಉಳಿಯ ಗಾಯ.

"ಯಾಕೆ ಹೇಳಲಿಲ್ಲ ಮೇಡಂ?"

"ವಹಿ ಖಾಲಿ ಇರಬೇಕು ಅಂದ್ರಲ್ಲ ಸರ್. ನನ್ನಿಂದ ನಿಮಗೆ ಕೆಟ್ಟ ಹೆಸರು ಬರ್ತದೆ ಅಂತ." ಅವರಿಗೆ ಅಳು ಬರುತ್ತಿತ್ತು, ತಡೆದುಕೊಂಡಿದ್ದರು. "ಸರ್, ನಾನು ಫೋಟೋದಲ್ಲಿ ನೀವು ಹಿಡಿದ ಹಾಗೇ ಹಿಡಿದಿದ್ದೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ನನ್ನ ಕೈಗೆ ಈ ಕೆಲ್ಸ ಹತ್ತಲ್ಲ ಕಾಣ್ತದೆ. ಮುಂದಿನ ತಿಂಗಳು ಮಕ್ಕಳಿಗೆ ಹೇಗೆ ಕಲಿಸ್ಲಿ?"

ನಾನು ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂರು ಹೊಲಿಗೆ ಬಿತ್ತು. ಹೊಲಿಯುತ್ತಿದ್ದ ನರ್ಸು ನನ್ನ ಬಟ್ಟೆ ಸುತ್ತಿದ ಬೆರಳು ಕಂಡು, "ಸರ್, ನಿಮ್ದೂ ನೋಡ್ಲಾ?" ಎಂದು ಬಿಚ್ಚಿದರು. ಒಳಗೆ ಹೆಬ್ಬೆರಳು ಆರೋಗ್ಯವಾಗಿ, ಒಂದು ಸಣ್ಣ ಗೆರೆ ಮಾತ್ರ ಇಟ್ಟುಕೊಂಡು, ಬೆಳ್ಳಗೆ ಕೂತಿತ್ತು. ನರ್ಸು ಒಮ್ಮೆ ಬೆರಳನ್ನೂ ಒಮ್ಮೆ ನನ್ನನ್ನೂ ನೋಡಿ ಬಟ್ಟೆಯನ್ನು ಕಸದ ಡಬ್ಬಿಗೆ ಹಾಕಿದರು. ನಾನು ಬದುಕಿನಲ್ಲಿ ಎಷ್ಟೋ ಸಲ ನಾಚಿಕೊಂಡಿದ್ದೇನೆ. ಆದರೆ ಆ ಮೇಡಂ ಹೊಲಿಗೆ ಹಾಕಿಸಿಕೊಳ್ಳುತ್ತಲೇ, "ಪರವಾಗಿಲ್ಲ, ಸರ್‌ದು ವಾಸಿ ಆಯ್ತಲ್ಲ" ಎಂದು ಖುಷಿಪಟ್ಟರು ನೋಡಿ, ಆ ನಾಚಿಕೆಯ ಮುಂದೆ ಉಳಿದದ್ದೆಲ್ಲ ಏನೂ ಅಲ್ಲ.

ಸಂಜೆ ಮನೆಗೆ ಬಂದು ರಕ್ಷಿತಾಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ನಿಮಗೆ ಉಳಿ ಹಿಡಿಯೋಕೆ ಬರಲ್ಲ ಅಂತ ನನಗೆ ನಾಚಿಕೆ ಇಲ್ಲ," ಎಂದಳು. "ನನ್ನ ಜೊತೆ ಕೂತು ಹೆಚ್ಚಿದ್ದನ್ನ ಕಳ್ಳತನದ ಹಾಗೆ ಮುಚ್ಚಿಟ್ರಲ್ಲ, ಅದಕ್ಕೆ ನಾಚಿಕೆ ಆಯ್ತು."

ಮೂರನೇ ದಿನ ಮಧ್ಯಾಹ್ನ ಸಮಾರೋಪ. ನನಗೆ ಸನ್ಮಾನ. ನಾನು ಬೆಳಿಗ್ಗೆಯೇ ಕಲ್ಲಪ್ಪನವರ ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಕೇಳಿಕೊಂಡು ಜೊತೆಗೆ ಬಸ್ಸು ಹತ್ತಿಸಿಕೊಂಡು ಬಂದಿದ್ದೆ. ರಕ್ಷಿತಾಳೂ ಬಂದಳು. ಅವಳ ಚೀಲದಲ್ಲಿ ನಮ್ಮನೆಯ ಈಳಿಗೆಮಣೆಯೂ ಒಂದು ಸೌತೆಕಾಯಿಯೂ ಇದ್ದವು.

ವೇದಿಕೆಯ ಮೇಲೆ ಮಾವನ ಕೈಯಲ್ಲೇ ಶಾಲು ಹೊದಿಸುವ ಏರ್ಪಾಟು. ಮಾವ ಮೈಕಿನ ಮುಂದೆ, "ನಮ್ಮ ಅಳಿಯಂದ್ರು ರಕ್ತ ಸುರಿಸಿ ಕಲಿತ ವಿದ್ಯೆ," ಎಂದು ಶುರುಮಾಡಿ ಹಂದಿಯ ಕಡೆ ಹೊರಳುವಷ್ಟರಲ್ಲಿ ನಾನು ಮೈಕು ಕೇಳಿದೆ. ಬರಿಯ ಹೆಬ್ಬೆರಳನ್ನು ಎತ್ತಿ ಹಿಡಿದೆ.

"ಇದು ಉಳಿಯಿಂದ ಆದ ಗಾಯ ಅಲ್ಲ. ನಾನು ಮನೇಲಿ ಸೌತೆಕಾಯಿ ಹೆಚ್ಚೋವಾಗ ಈಳಿಗೆ ಕೊಯ್ತು. ನಾನು ಜೀವಮಾನದಲ್ಲಿ ಒಂದು ಸ್ಟೂಲೂ ಮಾಡಿಲ್ಲ. ಉಳಿ ಹಿಡಿದದ್ದೇ ಮೊನ್ನೆ, ನಿಮ್ಮೆದುರು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ನಾನು ನೆಲದ ಮೇಲೆ ಕೂತು, ಈಳಿಗೆಮಣೆಯನ್ನು ಕಾಲಲ್ಲಿ ಒತ್ತಿಕೊಂಡು, ಒಂದು ಸೌತೆಕಾಯಿಯನ್ನು ಇಬ್ಭಾಗ ಮಾಡಿದೆ. ಮೂವತ್ತೆರಡು ಶಿಕ್ಷಕರ, ಒಬ್ಬ ಅಧಿಕಾರಿಯ ಮತ್ತು ಮಾವನವರ ಸಮಕ್ಷಮ. "ಇಲ್ಲಿ ಅಲಗು ನಿಂತಿರ್ತದೆ, ಕೈ ಬರ್ತದೆ. ಉಳೀಲಿ ಅಲಗೇ ಬರ್ತದೆ. ನಾನು ಮರಾನ ಸೌತೆಕಾಯಿ ಹಿಡಿದ ಹಾಗೆ ಹಿಡಿದೆ. ನೀವು ಅದನ್ನೇ ಕಲಿತ್ರಿ. ಬಿಂದುಶ್ರೀ ಮೇಡಂ ಕೈಗೆ ಹೊಲಿಗೆ ಬಿದ್ದಿದ್ದು ಅವರ ತಪ್ಪಿಂದ ಅಲ್ಲ, ನನ್ನಿಂದ. ಇನ್ನು ಸರಿಯಾದ್ದನ್ನ ಕಲ್ಲಪ್ಪನವರು ತೋರಿಸ್ತಾರೆ."

ನಾಗರಾಜ್ ನನ್ನ ಕಿವಿಯ ಹತ್ತಿರ ಬಂದರು. "ಮೇಷ್ಟ್ರೆ, ಸರ್ಟಿಫಿಕೇಟೆಲ್ಲ ಪ್ರಿಂಟ್ ಆಗಿದೆ. ನೀವೇ ಪರಿಣತರು ಅಂತ ಇದೆ. ಈಗ ನಿಮಗೆ ಬರಲ್ಲ ಅಂದ್ರೆ ಹೆಂಗೆ?"

ಕಲ್ಲಪ್ಪನವರು ಯಾರ ಅಪ್ಪಣೆಗೂ ಕಾಯಲಿಲ್ಲ. ಹಲಸಿನ ತುಂಡನ್ನು ಮೇಜಿಗೆ ಬಿಗಿದರು. "ನೋಡ್ರಿ, ಈಗ ಮರ ಎಲ್ಲಿಗೂ ಹೋಗಂಗಿಲ್ಲ. ಅದನ್ನ ಕೈಲಿ ಹಿಡ್ಕಳ್ಳಾ ಕೆಲ್ಸ ಇಲ್ಲ. ಎರಡೂ ಕೈ ಉಳಿ ಹಿಂದ," ಎಂದರು. ನಾನು ಎರಡು ಗಂಟೆ ಮಾತಾಡಿದ್ದು ಮೂರು ಮಾತಿಗೆ ಮುಗಿಯಿತು. ಶಿಕ್ಷಕರೆಲ್ಲ ಕುರ್ಚಿ ಬಿಟ್ಟು ಮೇಜಿನ ಸುತ್ತ ಸೇರಿದರು. ಸೊರಬದವರೊಬ್ಬರು, ಕೆತ್ತನೆ ಮಾಡುವ ಮನೆಯವರಂತೆ, "ಮೊದಲ ದಿನಾನೇ ನನಗೆ ಗೊತ್ತಾಗಿತ್ತು ಸರ್. ಆದೇಶದಲ್ಲಿ ನಿಮ್ಮ ಹೆಸರಿತ್ತಲ್ಲ, ಸುಮ್ನಾದೆ," ಎಂದರು.

ಮಾವ ಶಾಲು ಹಿಡಿದುಕೊಂಡೇ ನಿಂತಿದ್ದರು. ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ಸೌತೆಕಾಯಿ," ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಹೋಗಿ ಮೊಳೆಯಿಂದ ಅಪಘಾತ ವಹಿ ಇಳಿಸಿಕೊಂಡು ಬಂದು ಮೊದಲ ಸಾಲು ತುಂಬಿದೆ. ಗಾಯ: ಎಡ ಹೆಬ್ಬೆರಳು. ಉಪಕರಣ: ಈಳಿಗೆಮಣೆ. ಕಾರಣ: ಯಾರಾದರೂ ನೋಡಿಬಿಟ್ಟಾರೆಂದು ಬಾಗಿಲ ಕಡೆ ನೋಡಿದ್ದು.

ಅತ್ತೆ ರಾಜೇಶ್ವರಮ್ಮ ಅಲ್ಲೇ ನಿಂತು ನಾನು ಬರೆದುದನ್ನು ನಿಧಾನವಾಗಿ ಓದಿದರು. ಓದಿ ಮುಗಿಸಿ ಗಂಡನ ಕಡೆ ತಿರುಗಿದರು.

"ವಹಿ ತೆರೆದೇ ಐತಲ್ಲ. ನಿಮ್ಮ ಹಂದೀದೂ ಬರೆಸಿಬಿಡಿ."

ಮಾವನ ಮುಖ ಬಿಳಿಚಿತು. "ಅದು ಬಿಡು ಮಾರಾಯ್ತಿ, ಹಳೇದು," ಎಂದರು.

"ಹಳೇದಾದ್ರೇನು. ನಾನು ಬಾಣಂತಿ ಆಗಿದ್ದಾಗ ಹಲಸಿನಕಾಯಿ ಹುಳಿ ಮಾಡಿಕೊಡ್ತೀನಿ ಅಂತ ಕೂತಿದ್ರಲ್ಲ. ಆ ಹಂದಿ."

ಮಾವ ಶಾಲನ್ನು ತಮ್ಮ ಹೆಗಲಿಗೇ ಹಾಕಿಕೊಂಡು ಹೊರಗೆ ನಡೆದರು. ರಕ್ಷಿತಾ ಮೊದಲು ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ನಗಲು ಹೋಗಿ ಸುಮ್ಮನಾದೆ. ಯಾಕೆಂದರೆ ಬಿಂದುಶ್ರೀ ಮೇಡಂ ನನ್ನ ಎದುರು ಬಂದು ನಿಂತಿದ್ದರು. ಹೊಲಿಗೆ ಹಾಕಿದ ಕೈಯನ್ನು ಎದೆಗೆ ಆನಿಸಿಕೊಂಡು, ಇನ್ನೊಂದು ಕೈಯನ್ನು ಪೆನ್ನಿಗೆ ಚಾಚಿದರು.

ಕೊಟ್ಟೆ. ಅವರು ಎರಡನೇ ಸಾಲಿನಲ್ಲಿ, ಕಪ್ಪುಹಲಗೆಯ ಮೇಲೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ ಬರೆದರು. ಗಾಯ: ಎಡ ಹೆಬ್ಬೆರಳಿನ ಬುಡ, ಮೂರು ಹೊಲಿಗೆ. ಉಪಕರಣ: ಉಳಿ. ಕಾರಣದ ಕಾಲಮಿಗೆ ಬಂದಾಗ ತಲೆ ಎತ್ತಿ ನನ್ನನ್ನು ನೋಡಿದರು. ಬರೆಯಲೋ ಬೇಡವೋ ಎಂದು ನನ್ನನ್ನೇ ಕೇಳುವಂತಿತ್ತು.

"ಇದ್ದದ್ದು ಬರೀರಿ ಮೇಡಂ," ಎಂದೆ.

ಅವರು ಬರೆದರು: "ತರಬೇತುದಾರರು ತೋರಿಸಿದಂತೆಯೇ ಹಿಡಿದದ್ದು."

ಕೊನೆಯ ಕಾಲಂ ಖಾಲಿ ಇತ್ತು. ಪರಿಶೀಲಿಸಿದವರ ಸಹಿ. ಅವರು ವಹಿಯನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ನಾನು ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಆ ಮೂರು ದಿನದಲ್ಲಿ, ಬರೆದದ್ದು ನಿಜವೆಂದು ತಿಳಿದು ನಾನು ಸಹಿ ಹಾಕಿದ ಕಾಗದ ಅದೊಂದೇ.